ಮೆದುಳಿನ ಪುಸ್ತಕ ಯಾವುದು ತಗೋಬೇಕು?

ಮೂರು ಮಂದಿ ಕೇಳಿದ್ರಿ ಅಂತ ಇದನ್ನ ಬರೀಲಿಕ್ಕೆ ಕೂತೀನಿ. ಈ ವರ್ಷ ನಮ್ಮ ಬಳಗದಾಗ ಇಬ್ರು ಹುಡುಗ್ಯಾರಿಗೆ ಎಂಬಿಬಿಎಸ್ ಸೀಟು ಸಿಕ್ಕದ, ಓಣ್ಯಾಗ ಒಬ್ಬಾಕಿಗೆ ಫಿಜಿಯೋಥೆರಪಿ ಸೀಟು. ಅವರ ಅವ್ವಂದಿರು ಫೋನ್ ಮಾಡಿ, "ನಿಮ್ಮ ತಂಗಿ ಮಗಳು ಮೆದುಳಿನ ಪಾಠಕ್ಕ ಯಾವ ಪುಸ್ತಕ ಓದಿದ್ಲು, ಹೆಸರು ಹೇಳ್ರಿ, ತರಿಸಿ ಬಿಡತೀವಿ" ಅಂದ್ರು. ಹೆಸರು ಹೇಳಲಿಕ್ಕೆ ಒಂದು ನಿಮಿಷ ಸಾಕು. ಆದ್ರ ಆ ಹೆಸರಿಗೆ ಬರೂ ಮೊದಲ ನಮ್ಮ ಊಟದ ಮೇಜಿನ ಮ್ಯಾಲೆ ಆರು ಪುಸ್ತಕ ಹದಿನೈದು ದಿನ ಠಾಣೆ ಹೂಡಿದ್ವು, ನಾವು ನೆಲದ ಮ್ಯಾಲೆ ಕೂತು ಊಟಾ ಮಾಡಿದ್ವಿ. ಆ ಹದಿನೈದು ದಿನದ್ದು ಹೇಳಬೇಕಾಗೇದ. ಯಾಕಂದ್ರ ನಮ್ಮ ಹುಡುಗಿಗೆ ಹೊಂದಿದ್ದು ನಿಮ್ಮ ಹುಡುಗಿಗೆ ಹೊಂದಬೇಕಂತಿಲ್ಲ. ಆರಿಸೂ ರೀತಿ ಮಾತ್ರ ಎಲ್ಲಾರಿಗೂ ಹೊಂದತದ.

ನಾ ಓದಿದ್ದು ಪಿಯುಸಿ, ಅದೂ ಸೈನ್ಸ್. ರೆಕಾರ್ಡ್ ಪುಸ್ತಕದಾಗ ಕಪ್ಪಿ ಚಿತ್ರ ತಗದು ಬಣ್ಣಾ ತುಂಬಿದಾಕಿ. ಆಮ್ಯಾಲೆ ಲಗ್ನ, ಮನಿ, ಮಕ್ಕಳು. ಈಕಿಗ್ಯಾಕ ಡಾಕ್ಟರ್ ಪುಸ್ತಕದ ಉಸಾಬರಿ ಅನ್ನಬ್ಯಾಡ್ರಿ. ಸೀರಿ ನೇಯಲಿಕ್ಕೆ ಬರದಿದ್ರೂ ಸೀರಿ ಆರಿಸಲಿಕ್ಕೆ ನಮಗ ಬರತದಲ್ಲ? ಅಂಗಡಿಯಾಂವ ಸೆರಗು ಹರವಿ ತೋರಿಸತಾನ, ನಾವು ಒಳಗಿನ ಮಡಿಕಿ ಬಿಚ್ಚಿಸಿ ಮೈ ನೋಡತೀವಿ. ಪುಸ್ತಕಾನೂ ಹಂಗ. ಮುಖಪುಟ ಮತ್ತ ಮೊದಲಿನ ನಾಲ್ಕು ಹಾಳಿ ಸೆರಗಿದ್ದಂಗ.

ನಮ್ಮ ತಂಗಿ ಮಗಳು ನಮ್ಮ ಮನ್ಯಾಗ ಇದ್ದ ಓದಿದ್ಲು. ಅವರಪ್ಪಂದು ಇಳಕಲ್ಲಿನಾಗ ಸಣ್ಣ ಅಂಗಡಿ. ಹುಡುಗಿ ಹತ್ತನೇತ್ತೆ ತನಕ ಕನ್ನಡ ಮೀಡಿಯಂ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಅಂತ ಮೂರು ದೊಡ್ಡ ವಿಷಯ ಇರತಾವ. ಕೈ, ಕಾಲು, ಎದಿ, ಹೊಟ್ಟಿ ಹೆಂಗೋ ದಾಟಿದ್ಲು. ಕೈ ಓದಬೇಕಾದ್ರ ತನ್ನ ಕೈ ತಾನ ಮುಟ್ಟಿ ನೋಡಿಕೋಬಹುದು. ಮೆದುಳು ಹಂಗಲ್ಲ. ಸುಮಾರು 1.4 ಕಿಲೋ ತೂಕದ ಒಂದು ಮೆತ್ತನ್ನ ಗಡ್ಡಿ, ತಲಿಬುರುಡಿಯೊಳಗ ಮುಚ್ಚಿಟ್ಟಿದ್ದು. ಅದರೊಳಗಿಂದ ಹೋಗೂ ದಾರಿ ಒಂದಕ್ಕೊಂದು ಹಾಯ್ದು, ಎಡದ್ದು ಬಲಕ್ಕ ಹೋಗಿ, ಬಲದ್ದು ಎಡಕ್ಕ ಬಂದು... ಕಾಲೇಜಿನ ಸಣ್ಣ ಪರೀಕ್ಷಾದಾಗ ಮೆದುಳಿನ ಭಾಗಕ್ಕ 50ಕ್ಕ 14 ಬಂದ್ವು. ಅವತ್ತು ರಾತ್ರಿ ಊಟಾ ಮಾಡಲಿಲ್ಲ. "ಮೌಶಿ, ನನಗ ಇದು ಆಗೂದಿಲ್ಲ, ಅಪ್ಪಗ ಹೇಳಿ ಬಿಡ್ರಿ" ಅಂದ್ಲು. ಅವರಪ್ಪ ಸಾಲಾ ಮಾಡಿ ಫೀ ಕಟ್ಟ್ಯಾರ ಅನ್ನೂದು ಆಕಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಕಿ ಓದತಿದ್ದ ಪುಸ್ತಕ ಯಾವುದು ಅಂತ ತರಿಸಿ ನೋಡಿದೆ. ಸೀನಿಯರ್ ಒಬ್ಬಾಕಿ ಹೇಳಿದ್ಲಂತ ಒಂದು ಅಂಗಡ್ಯಾಗ ಅರ್ಧ ಕಿಮ್ಮತ್ತಿಗೆ ತಂದಿದ್ಲು. ತಗದ ಕೂಡಲೆ ತಿಳೀತು, ಅದು ಕಳ್ಳ ಪ್ರತಿ. ಖರೆ ಪುಸ್ತಕದಾಗ ಕೆಂಪು, ನೀಲಿ, ಹಸರು ಅಂತ ಬ್ಯಾರೆ ಬ್ಯಾರೆ ಬಣ್ಣದಾಗ ಇರಬೇಕಾದ ದಾರಿಗಳು ಇದರಾಗ ಎಲ್ಲಾ ಒಂದ ಬೂದಿ ಬಣ್ಣ. ಮೆದುಳಿನಿಂದ ಕೆಳಗ ಇಳಿಯೂ ಆಜ್ಞಾ ಯಾವುದು, ಮೈಯಿಂದ ಮ್ಯಾಲೆ ಏರೂ ಸುದ್ದಿ ಯಾವುದು, ಹೆಂಗ ತಿಳೀಬೇಕು? ಬ್ಯಾರೆ ವಿಷಯಕ್ಕ ಜೆರಾಕ್ಸ್ ನಡೀಬಹುದು, ಮೆದುಳಿನ ಪುಸ್ತಕಕ್ಕ ನಡಿಯೂದಿಲ್ಲ. ಇದೊಂದು ನೆನಪಿಡ್ರಿ. ರೊಕ್ಕ ಉಳಿಸಬೇಕಂದ್ರ ಹಳೇ ಆವೃತ್ತಿಯ ಖರೆ ಪುಸ್ತಕ ಸೆಕೆಂಡ್ ಹ್ಯಾಂಡ್ ತಗೋರಿ. ನರ ಹಾಯೂ ದಾರಿ ಹತ್ತು ವರ್ಷದಾಗ ಬದಲಾಗಂಗಿಲ್ಲ. ಬದಲಾಗೂದು ಸ್ಕ್ಯಾನು, ಔಷಧದ ಮಾತು, ಅದನ್ನ ಮುಂದಿನ ವರ್ಷಗಳಾಗ ಹೆಂಗೂ ಓದತಾರ.

ಮರುದಿನ ಹುಡುಗಿ ಲೈಬ್ರರಿಯಿಂದ ಮೂರು ತಂದ್ಲು, ಅವರ ಮೇಡಂ ತಮ್ಮ ಸ್ವಂತದ್ದೊಂದು ಕೊಟ್ರು, ಸೀನಿಯರ್ ಒಬ್ಬಾಕಿ ಒಂದು ತೆಳ್ಳನ್ನದು ಕೊಟ್ಲು. ಚೌರಾಸಿಯಾ ಈಕಿ ಹತ್ರನ ಇತ್ತು. ಇನ್ನ ಆರಿಸೂದು ಹೆಂಗ? ಎಲ್ಲಾ ಪುಸ್ತಕದ ಹಿಂದೂ "ವಿದ್ಯಾರ್ಥಿಗಳಿಗೆ ಅತ್ಯಂತ ಉಪಯುಕ್ತ" ಅಂತನ ಬರದಿರತದ. ಅದಕ್ಕ ನಾ ಅಂದೆ, "ನಮ್ಮ ಮನ್ಯಾಗಿನ ಪ್ರಶ್ನೆನ ಇವಕ್ಕ ಕೇಳೂಣ. ಯಾವುದು ಛೊಲೊತ್ನಾಗಿ ಉತ್ತರಾ ಕೊಡತದ, ಅದನ್ನ ಇಟಗೊಳ್ಳೂಣ."

ಮನ್ಯಾಗಿನ ಪ್ರಶ್ನಿ ಅಂದ್ರ ನಮ್ಮ ಅತ್ತಿಯವರು. ನಿಮಗೆಲ್ಲಾ ಗೊತ್ತದ, ಅದರ ಹಿಂದಿನ ವರ್ಷ ಅವರಿಗೆ ಲಕ್ವಾ ಹೊಡದಿತ್ತು. ಬಲಗೈ ಬಿತ್ತು, ಬಾಯಿ ಸೊಟ್ಟ ಆತು, ಮಾತು ಹೋತು. ಡಾಕ್ಟರು ಸಿ.ಟಿ. ಸ್ಕ್ಯಾನಿನ ಫಿಲ್ಮು ಬೆಳಕಿಗೆ ಹಿಡದು "ಎಡ ಮೆದುಳಿನಾಗ ರಕ್ತನಾಳ ಕಟ್ಟೇದ" ಅಂದ್ರು, ಬಟ್ಟು ಇಟ್ಟಿದ್ದು ಫಿಲ್ಮಿನ ಬಲಗಡೆ. ಆಮ್ಯಾಲೆ ಒಂದು ವರ್ಷ ನಾ ಅವರನ್ನ ದಿನಾ ನೋಡಿದಾಕಿ, ಎಣ್ಣಿ ಹಚ್ಚಿ ಕೈ ತಿದ್ದಿದಾಕಿ, ತುತ್ತು ಮಾಡಿ ಉಣಿಸಿದಾಕಿ. ನನ್ನ ತಲ್ಯಾಗ ನಾಲ್ಕು ಪ್ರಶ್ನಿ ಕೂತಿದ್ವು. ಎಡ ಮೆದುಳಿಗೆ ಪೆಟ್ಟಾದ್ರ ಬಲಗೈ ಯಾಕ ಬೀಳಬೇಕು? ಬಾಯಿ ಸೊಟ್ಟಾದ್ರೂ ಹುಬ್ಬು ಎರಡೂ ಸರೀ ಏರತಿದ್ವಲ್ಲ, ಅದ್ಯಾಕ? ಆರು ತಿಂಗಳಿಗೆ ಕೋಲು ಹಿಡದು ನಡದ್ರು, ಕೈ ಮಾತ್ರ ಏಳಲಿಲ್ಲ, ಅದ್ಯಾಕ? ಮತ್ತ ಎಲ್ಲಕ್ಕಿಂತ ದೊಡ್ಡದು, ಅವರಿಗೆ ನಮ್ಮ ಮಾತು ತಿಳೀತದೋ ಇಲ್ಲೋ?

ಹುಡುಗಿ ಒಂದೊಂದ ಪುಸ್ತಕ ತಗದು ಹುಡುಕೂದು, ಓದೂದು, ನನಗ ಕನ್ನಡದಾಗ ಹೇಳೂದು. ನನಗ ತಿಳದ್ರ ಆ ಪುಸ್ತಕಕ್ಕ ಒಂದು ಗುರುತು. ತಿಳೀಲಿಲ್ಲ ಅಂದ್ರ ಇಲ್ಲ. ಸಂಜಿ ದೀಪಾ ಹಚ್ಚಿದ ಮ್ಯಾಲೆ ಒಂದು ತಾಸು ಇದ ಕೆಲಸ.

ಮೊದಲನೇದಕ್ಕ ಎಲ್ಲಾ ಪುಸ್ತಕದಾಗೂ ಉತ್ತರ ಇತ್ತು. ಮೆದುಳಿನಿಂದ ಕೈಕಾಲಿಗೆ ಹೋಗೂ ತಂತಿ ಕೆಳಗಿಳದು, ಕುತ್ತಿಗಿಗೆ ಸೇರೂ ಜಾಗಾಕ್ಕ ಬಂದಾಗ, ಮೆಡುಲ್ಲಾ ಅಂತ ಇರತದಲ್ಲ, ಅದರ ತಳದಾಗ ನೂರಕ್ಕ 85–90ರಷ್ಟು ಈ ಕಡೆಯಿಂದ ಆ ಕಡೆ ದಾಟತಾವ. ಜಡಿ ಹೆಣದಂಗ. ಅದಕ್ಕ ಎಡ ಮೆದುಳು ಬಲಗೈಯ ಯಜಮಾನ. ಆದ್ರ ಹೇಳೂ ರೀತಿಯೊಳಗ ಫರಕ ಇತ್ತು. ಒಂದು ಪುಸ್ತಕದಾಗ ಮಾತು ಒಂದು ಹಾಳ್ಯಾಗ, ಚಿತ್ರ ಮೂರು ಹಾಳಿ ಮುಂದ. ಬಟ್ಟು ಇಟಗೊಂಡು ಹಿಂದ ಮುಂದ ತಿರುವೂದ್ರಾಗ ತಲಿ ತಿರಗತದ. ಮತ್ತೊಂದರಾಗ ಚಿತ್ರದ ಮ್ಯಾಲೆ ಎ, ಬಿ, ಸಿ ಅಂತ ಬರದು, ಅವು ಏನಂತ ಕೆಳಗ ಸಣ್ಣ ಅಕ್ಷರದಾಗ ಪಟ್ಟಿ. ಆ ನಮೂನಿ ಚಿತ್ರ ನನಗ ಸೇರೂದಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಅನಾಟಮಿ ಅಂದ್ರ ಎಲ್ಲಾರೂ ಹೆಸರು ತಗೊಳ್ಳೂ ‘ಗ್ರೇಸ್ ಅನಾಟಮಿ’ 1858ರಾಗ ಲಂಡನ್ನಿನಾಗ ಬಂತು. ಬರದಾವ್ರು ಹೆನ್ರಿ ಗ್ರೇ, ಚಿತ್ರ ತಗದಾವ್ರು ಹೆನ್ರಿ ವಾಂಡೈಕ್ ಕಾರ್ಟರ್. ಕಾರ್ಟರ್ ಅಂಗದ ಹೆಸರನ್ನ ಆ ಅಂಗದ ಮ್ಯಾಲೇನ ಬರದ್ರು, ಪಟ್ಟಿ ಹುಡುಕೂ ಕೆಲಸ ಇಲ್ಲ. ಪುಸ್ತಕ ನಿಂತಿದ್ದು ಆ ಚಿತ್ರದ ಮ್ಯಾಲೆ ಅಂತ ನನ್ನ ಅಂದಾಜು. ಗ್ರೇ ಪಾಪ, 1861ರಾಗ ಸಿಡಬಿನಿಂದ ತೀರಿಕೊಂಡ್ರು, ಇನ್ನೂ ಸಣ್ಣ ವಯಸ್ಸು. ಕಾರ್ಟರ್ ನಮ್ಮ ಮುಂಬೈಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಾಗ ಪಾಠಾ ಮಾಡಿದ್ರು. ಆದ್ರ ಈಗಿನ ದೊಡ್ಡ ಗ್ರೇಸ್ ಮೊದಲ ವರ್ಷದ ಹುಡುಗ್ಯಾರಿಗೆ ಬ್ಯಾಡ. ಅದು ಮನಿ ಕಟ್ಟಿದ ಮ್ಯಾಲೆ ತರೂ ಕಪಾಟು, ಮನಿ ಕಟ್ಟೂ ಇಟ್ಟಂಗಿ ಅಲ್ಲ.

ಎರಡನೇ ಪ್ರಶ್ನಿ ಹುಬ್ಬಿಂದು. ಇದು ಪುಸ್ತಕ ಪರೀಕ್ಷಾ ಮಾಡಲಿಕ್ಕೆ ಅಗದಿ ಛೊಲೊ ಪ್ರಶ್ನಿ, ನೀವೂ ಇದನ್ನ ಉಪಯೋಗ ಮಾಡ್ರಿ. ನಮ್ಮ ಓಣ್ಯಾಗ ಒಬ್ಬ ಮಾಮಿಗೂ ಹಿಂದ ಬಾಯಿ ಸೊಟ್ಟ ಆಗಿತ್ತು. ಅವರಿಗೆ ಆ ಕಡೆ ಹುಬ್ಬು ಏರತಿರಲಿಲ್ಲ, ಕಣ್ಣು ಮುಚ್ಚತಿರಲಿಲ್ಲ, ರಾತ್ರಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗತಿದ್ರು. ಕೈಕಾಲು ಮಾತ್ರ ಗಟ್ಟಿ. ಎರಡು ತಿಂಗಳಿಗೆ ಆರಾಮಾದ್ರು. ನಮ್ಮ ಅತ್ತಿಯವರಿಗೆ ಬಾಯಿ ಅಷ್ಟ ಸೊಟ್ಟ, ಹಣಿ ಸರಿ. ಒಂದ ಮಾರಿ, ಎರಡು ನಮೂನಿ. ಯಾಕ?

ಒಳ್ಳೇ ಪುಸ್ತಕದಾಗ ಇದಕ್ಕ ಒಂದ ಚಿತ್ರ ಸಾಕು. ಮಾರಿಯ ಸ್ನಾಯುಗಳಿಗೆ ಹೋಗೂ ನರ, ಹನ್ನೆರಡು ಜೋಡಿ ತಲಿನರದಾಗ ಏಳನೇದು. ಅದರ ಮೂಲಸ್ಥಾನದಾಗ ಎರಡು ಭಾಗ. ಹಣಿ ಕುಣಿಸೂ ಭಾಗಕ್ಕ ಎಡ ಮೆದುಳು, ಬಲ ಮೆದುಳು ಎರಡರಿಂದಲೂ ಆಜ್ಞಾ ಬರತದ. ಬಾಯಿ ಕುಣಿಸೂ ಭಾಗಕ್ಕ ಹೆಚ್ಚು ಕಡಿಮಿ ಎದುರಿನ ಕಡೆಯಿಂದ ಅಷ್ಟ. ಮ್ಯಾಲೆ ಮೆದುಳಿನಾಗ ಒಂದು ಕಡೆ ಪೆಟ್ಟಾದ್ರ ಹಣಿಗೆ ಇನ್ನೊಂದು ಕಡೆಯಿಂದ ನೀರು ಬರತಿರತದ, ಬಾಯಿಗೆ ಇದ್ದೊಂದು ನಲ್ಲಿ ಬಂದಾಗತದ. ಮಾಮಿಗೆ ಆಗಿದ್ದು ಮೆದುಳಿನಾಗಲ್ಲ, ಅಲ್ಲಿಂದ ಹೊರಗ ಬಂದ ನರಕ್ಕ. ಮನೀ ಮುಂದಿನ ಪೈಪ ಮುಚ್ಚಿದ್ರ ಮ್ಯಾಲಿನ ಟಾಕಿ ಎಷ್ಟಿದ್ರೇನು, ಮಾರಿಯ ಆ ಅರ್ಧ ಪೂರಾ ನಿಲ್ಲತದ. ಅದಕ್ಕ ಬೆಲ್ಸ್ ಪಾಲ್ಸಿ ಅಂತಾರ. ನಲ್ಲಿ, ಟಾಕಿ ನಾ ಕೊಟ್ಟ ಹೋಲಿಕಿ, ಪುಸ್ತಕದ್ದಲ್ಲ. ಹುಡುಗಿ ಅದನ್ನ ಹಾಳಿ ಅಂಚಿನಾಗ ಪೆನ್ಸಿಲ್‌ಲೆ ಬರಕೊಂಡ್ಲು.

(ಹಿಂಗ ಬರದೇನಿ ಅಂತ ಯಾರಿಗರೆ ಬಾಯಿ ಸೊಟ್ಟಾದಾಗ ಮನ್ಯಾಗ ಹುಬ್ಬು ಏರಿಸಿ ನೋಡಿಕೋತ ಕೂಡಬ್ಯಾಡ್ರಿ. ತಕ್ಷಣ ದವಾಖಾನಿಗೆ ಒಯ್ಯಬೇಕು. ರಕ್ತಗಡ್ಡಿ ಕರಗಿಸೂ ಇಂಜೆಕ್ಷನ್ ಸುರು ಆದ ನಾಲ್ಕೂವರಿ ತಾಸಿನೊಳಗ ಕೊಡಬೇಕಾಗತದ, ಅದೂ ಸ್ಕ್ಯಾನ್ ಮಾಡಿ ನೋಡಿದ ಮ್ಯಾಲೆ.)

ಕೆಲವು ಪುಸ್ತಕದಾಗ ಏಳನೇ ನರದ ಮಾತು ಒಂದು ಅಧ್ಯಾಯದಾಗ, ಲಕ್ವಾದ ಮಾತು ಇನ್ನೊಂದು ಅಧ್ಯಾಯದಾಗ, ನಡುವ ಕೊಂಡಿ ಇಲ್ಲ. ಎರಡೂ ಬಾಯಿಪಾಠ ಮಾಡಿದ ಹುಡುಗಿಗೂ ಮಾಮಿಗೂ ಅಜ್ಜಿಗೂ ಏನು ಫರಕ ಅಂತ ಹೇಳಲಿಕ್ಕೆ ಬರೂದಿಲ್ಲ. ಹಿಂದಿನ ಸೂಚಿಕಾ ತಗದು ನೋಡ್ರಿ, ಒಂದು ಶಬ್ದಕ್ಕ ಎಷ್ಟು ಹಾಳಿ ತೋರಿಸತದ, ಅಲ್ಲಿ ಹೋದ್ರ ಮಾತು ಸಿಗತದೋ ಇಲ್ಲೋ. ಸೂಚಿಕಾ ಸೊರಗಿದ ಪುಸ್ತಕದ್ದು ಒಳಗೂ ಸೊರಗಿರತದ.

ಮೂರನೇದು, ಕಾಲು ಬಂತು ಕೈ ಬರಲಿಲ್ಲ ಯಾಕ. ಇದಕ್ಕ ಎರಡು ಪುಸ್ತಕದಾಗ ಅಷ್ಟ ಪೂರ್ತಿ ಉತ್ತರ ಸಿಕ್ತು. ಕೆನಡಾದ ಪೆನ್‌ಫೀಲ್ಡ್ ಅನ್ನೂ ಶಸ್ತ್ರಚಿಕಿತ್ಸಕರು ಮೆದುಳಿನ ಮ್ಯಾಲೆ ಯಾವ ಜಾಗಾ ಯಾವ ಅಂಗ ಕುಣಿಸತದ ಅಂತ ಆಪರೇಷನ್ ಮುಂದ ಗುರುತು ಹಾಕಿದ್ರು, 1937ರಾಗ ಅದು ಪ್ರಕಟ ಆತು. ಅದನ್ನ ಒಂದು ಮನಿಷ್ಯಾನ ಚಿತ್ರ ಮಾಡಿ ತೋರಿಸತಾರ. ನೋಡಿದ್ರ ನಗು ಬರತದ. ತಲಿಕೆಳಗಾಗಿ ಜೋತು ಬಿದ್ದಾನ, ತುಟಿ ದೊಡ್ಡವು, ಅಂಗೈ ಮೊರದಷ್ಟು, ಮೈ ಸಣ್ಣ ಗೊಂಬಿ. ಕೈಗೆ, ಬಾಯಿಗೆ ಮೆದುಳಿನಾಗ ಅಷ್ಟು ಜಾಗಾ ಬೇಕು. ಭಕ್ರಿ ಬಡದಾವ್ರಿಗೆ, ಶ್ಯಾವಿಗಿ ಹೊಸದಾವ್ರಿಗೆ ಇದು ಆಶ್ಚರ್ಯ ಅನ್ನಿಸಬಾರದು. ಕೈ, ಮಾರಿ ಮೆದುಳಿನ ಹೊರ ಮೈಮ್ಯಾಲೆ ಇರತಾವ, ಕಾಲು ಮಾತ್ರ ನಡುವಿನ ಸೀಳಿನೊಳಗ ಇಳಿದಿರತದ. ಹೊರ ಮೈಗೆ ರಕ್ತ ಕೊಡೂ ನಾಳ ಬ್ಯಾರೆ, ಒಳ ಸೀಳಿಗೆ ಕೊಡೂ ನಾಳ ಬ್ಯಾರೆ. ನಮ್ಮ ಅತ್ತಿಯವರಿಗೆ ಕಟ್ಟಿದ್ದು ಹೊರಗಿಂದು. ಅದಕ್ಕ ಕೈ, ಬಾಯಿ, ಮಾತು ಕೂಡೇ ಹೋದ್ವು, ಕಾಲು ಉಳೀತು. ಹಿಂಗ ಅಂಗದ ನಕಾಶಿ ಮತ್ತ ರಕ್ತನಾಳದ ನಕಾಶಿ ಎರಡೂ ಒಂದ ಕಡೆ ಇಟ್ಟು ತೋರಿಸೂ ಪುಸ್ತಕ ಭಾಳ ಉಪಯೋಗ. ಬ್ಯಾರೆ ಬ್ಯಾರೆ ಇಟ್ರ ಹುಡುಗ್ಯಾರು ಎರಡನ್ನೂ ಮರೀತಾರ.

ಇನ್ನ ನಾಲ್ಕನೇದು. ಇದಕ್ಕ ನನ್ನ ಎದಿ ಡವಗುಟ್ಟತಿತ್ತು. ಅತ್ತಿಯವರು "ಅದ... ಅದ..." ಅನ್ನೂದು ಬಿಟ್ಟು ಬ್ಯಾರೆ ಮಾತಾಡತಿರಲಿಲ್ಲ. ನೋಡಲಿಕ್ಕೆ ಬಂದಾವ್ರು ಮಂಚದ ಮುಂದನ ನಿಂತು "ಪಾಪ, ಇನ್ನ ಇವರಿಗೇನು ತಿಳೀತದ, ದೇವರು ಲಗೂ ಕರಕೊಳ್ಳಲಿ" ಅಂತಿದ್ರು. ಯಾರು ಅಂತ ಬರಿಯೂದಿಲ್ಲ. ನನಗ ಮೊದಲಿನಿಂದ ಅನುಮಾನ ಇತ್ತು. ಹಂಗ ಅಂದಾಗ ಅವರು ಮಾರಿ ಗ್ವಾಡಿ ಕಡೆ ತಿರುವತಿದ್ರು.

ಹುಡುಗಿ ಆ ಪಾಠ ಓದಿ ಹೇಳಿದ್ಲು. 1861ರಾಗ ಪ್ಯಾರಿಸ್ಸಿನಾಗ ಬ್ರೋಕಾ ಅನ್ನೂ ಡಾಕ್ಟರ ಹತ್ರ ಒಬ್ಬ ರೋಗಿ ಇದ್ದ. "ತಾನ್" ಅಂತ ಅಷ್ಟ ಅಂತಿದ್ದ, ಅದಕ್ಕ ದವಾಖಾನಿಯೊಳಗ ಅವನ ಹೆಸರ ತಾನ್ ಆಗಿಬಿಟ್ಟಿತ್ತು. ಆದ್ರ ಕೇಳಿದ್ದು ಬಹುತೇಕ ಅವಗ ತಿಳೀತಿತ್ತು. ಅಂವ ತೀರಿಕೊಂಡ ಮ್ಯಾಲೆ ನೋಡಿದ್ರ ಎಡ ಮೆದುಳಿನ ಮುಂದಿನ ಭಾಗದಾಗ ಪೆಟ್ಟಾಗಿತ್ತು. ಅದು ಮಾತು ಹೊರಗ ಹಾಕೂ ಜಾಗಾ. ಮಾತು ತಿಳಕೊಳ್ಳೂ ಜಾಗಾ ಹಿಂದ, ಕಿವಿ ಮ್ಯಾಲಿನ ಕಡೆ, ಅದಕ್ಕ ವೆರ್ನಿಕೆ ಅಂತ ಹೆಸರು. ಮುಂದಿಂದು ಕೆಟ್ಟಾವ್ರಿಗೆ ತಿಳೀತದ, ಹೇಳಲಿಕ್ಕೆ ಬರೂದಿಲ್ಲ. ಹಿಂದಿಂದು ಕೆಟ್ಟಾವ್ರು ಪಟಪಟ ಮಾತಾಡತಾರ, ಅದಕ್ಕ ಅರ್ಥ ಇರೂದಿಲ್ಲ. ಎರಡೂ ಕೆಟ್ಟಾವ್ರೂ ಇರತಾರ.

ಮುಂದ ಪುಸ್ತಕದಾಗ ಪರೀಕ್ಷಾ ಮಾಡೂ ರೀತಿ ಕೊಟ್ಟಿತ್ತು. ಕೈಸನ್ನಿ ಮಾಡದ, ಬರೇ ಮಾತಿನಾಗ ಹೇಳಿ ನೋಡ್ರಿ ಅಂತ. ಹುಡುಗಿ ಮಂಚದ ಹತ್ರ ಕೂತು, ಕೈ ಮಡಿಚಿಕೊಂಡು, "ಅಜ್ಜಿ, ಕಣ್ಣು ಮುಚ್ರಿ" ಅಂದ್ಲು. ಮುಚ್ಚಿದ್ರು. "ಎಡಗೈ ಎತ್ರಿ." ಎತ್ತಿದ್ರು. "ಮೊದಲ ಕಿಟಕಿ ತೋರಿಸಿ ಆಮ್ಯಾಲೆ ಗಡಿಯಾರ ತೋರಿಸ್ರಿ." ಕಿಟಕಿ ತೋರಿಸಿದ್ರು, ಗಡಿಯಾರ ತೋರಿಸಿದ್ರು. ಆಮ್ಯಾಲೆ ಹುಡುಗಿ ಗಲ್ಲಾ ಹಿಡದು ಅತ್ತುಬಿಟ್ರು. ನಮ್ಮ ಮನಿಯವರು ಹೊರಗ ಎದ್ದು ಹೋದ್ರು.

ಅವತ್ತಿನಿಂದ ಅವರ ಮುಂದ ಯಾರೂ ಹಂಗ ಮಾತಾಡಲಿಕ್ಕೆ ನಾ ಬಿಟ್ಟಿಲ್ಲ. ಪಲ್ಯಾ ಏನ ಮಾಡಲಿ ಅಂತ ಎರಡು ಕಾಯಿಪಲ್ಲೆ ಕೈಯಾಗ ಹಿಡದು ಕೇಳೂದು, ಅವರು ಒಂದಕ್ಕ ಬಟ್ಟು ತೋರಿಸೂದು. ಸಂಜಿ ಭಜನಿ ಹಚ್ಚಿದ್ರ ಪದದ ಸಂಗಡ ಶಬ್ದಾನೂ ಬರತಿದ್ವು. ಮಾತಾಗಿ ಬರದ ಶಬ್ದ ಹಾಡಾಗಿ ಹೆಂಗ ಬರತಾವ ಅಂತ ಹುಡುಗಿ ಅವರ ಮೇಡಂಗ ಕೇಳಿದ್ಲು. ಇಂಥಾವ್ರಿಗೆ ಬಾಯಿಪಾಠ ಇದ್ದ ಪದ, ಶ್ಲೋಕ ಭಾಳಷ್ಟು ಸಲ ಉಳದಿರತಾವ ಅಂದ್ರಂತ.

ಇಷ್ಟು ಆದ ಮ್ಯಾಲೆ ಪುಸ್ತಕಗಳ ಮಾತು ಹೇಳತೀನಿ.

ಬಿ. ಡಿ. ಚೌರಾಸಿಯಾ ಅವರದ್ದು ನಮ್ಮ ದೇಶದ ಹುಡುಗರೆಲ್ಲಾ ಓದೂದು. ಅವರು ಗ್ವಾಲಿಯರಿನಾಗ ಮಾಸ್ತರಿದ್ರು. ಈಗ ನಾಲ್ಕು ಭಾಗ ಬರತಾವ, ನಾಲ್ಕನೇದು ಮೆದುಳಿಂದು. ಸಣ್ಣ ಸಣ್ಣ ವಾಕ್ಯ, ಪರೀಕ್ಷಾದಾಗ ನೋಡಿ ತಗೀಬಹುದಾದಂಥ ಸರಳ ಗೆರಿ ಚಿತ್ರ. ಕನ್ನಡ ಮೀಡಿಯಂದ ಹುಡುಗ್ಯಾರಿಗೆ ಇಂಗ್ಲಿಷು ಎಡವೂದಿಲ್ಲ. ಆದ್ರ "ಯಾಕ" ಅನ್ನೂದಕ್ಕ ಜಾಗಾ ಕಡಿಮಿ. ತಿಳದ ಮ್ಯಾಲೆ ಓದಲಿಕ್ಕೆ ಛೊಲೊ, ತಿಳಕೊಳ್ಳಲಿಕ್ಕೆ ಅದೊಂದ ಸಾಲೂದಿಲ್ಲ. ರೋಹ್ತಕದ ಇಂದರ್ಬೀರ್ ಸಿಂಗ್ ಅವರ ಪುಸ್ತಕ ಮೆದುಳಿಗೇ ಮೀಸಲು, ದಾರಿಗಳನ್ನ ಕೂಲಂಕಷ ಬರದಾರ. ಒಂದು ದಾರಿ ಎಲ್ಲಿ ಹುಟ್ಟಿ ಎಲ್ಲಿ ಮುಗೀತದ ಅಂತ ಖಾತ್ರಿ ಮಾಡಿಕೊಳ್ಳಬೇಕಂದ್ರ ಅದು. ವಿಶ್ರಾಮ್ ಸಿಂಗ್ ಅವರದ್ದು ಈ ಎರಡರ ನಡುವಿಂದು, ಬಣ್ಣದ ಚಿತ್ರ, ರೋಗದ ಮಾತು ಅಲ್ಲಲ್ಲೇ ಕೊಟ್ಟಾರ. ಒಂದ ಪುಸ್ತಕ ತಗೊಳ್ಳೂ ಶಕ್ತಿ ಇದ್ದಾವ್ರು ಇದನ್ನ ತಗೊಂಡ್ರೂ ನಡೀತದ.

ಸ್ನೆಲ್ ಅವರ ‘ಕ್ಲಿನಿಕಲ್ ನ್ಯೂರೋಅನಾಟಮಿ’ ಒಳಗ ಪ್ರತಿ ಅಧ್ಯಾಯ ಒಬ್ಬ ರೋಗಿಯ ಕಥೀಲೆ ಸುರು ಆಗತದ. ಇಂಥಾ ವಯಸ್ಸು, ಹಿಂಗಾತು, ಬಂದ್ರು. ಆಮ್ಯಾಲೆ ರಚನಾ, ಆಮ್ಯಾಲೆ ರೋಗದ ಮಾತು, ಕಡೀಕ ಪ್ರಶ್ನಿ ಉತ್ತರ. ವಾಕ್ಯ ಉದ್ದ ಇದ್ರೂ ಸಾಲು ತಪ್ಪೂದಿಲ್ಲ. ನಮ್ಮ ನಾಲ್ಕರಾಗ ಮೂರು ಪ್ರಶ್ನಿಗೆ ನನಗ ತಿಳಿಯೂಹಂಗ ಉತ್ತರ ಸಿಕ್ಕಿದ್ದು ಇದರಾಗ. ಮೇಡಂ ಕೊಟ್ಟಿದ್ದು ಬ್ಲೂಮೆನ್‌ಫೆಲ್ಡ್. ಅಮೆರಿಕಾದ ಯೇಲ್ ವಿಶ್ವವಿದ್ಯಾಲಯದವರು, 2002ರಾಗ ಮೊದಲು ಬಂತು. ಖರೆ ರೋಗಿಗಳ ನೂರಕ್ಕೂ ಹೆಚ್ಚು ಕಥಿ, ಅವರವರ ಸ್ಕ್ಯಾನಿನ ಸಂಗಡ. ಮೊದಲು ಲಕ್ಷಣ ಹೇಳಿ, "ಪೆಟ್ಟು ಎಲ್ಲಿ ಆಗೇದ ನೀವ ಹೇಳ್ರಿ" ಅಂತ ಕೇಳತದ. ನಾಲ್ಕಕ್ಕ ನಾಲ್ಕೂ ಗುರುತು ಅದಕ್ಕ ಬಿದ್ವು. ಆದ್ರ ಸಾವಿರ ಹಾಳಿ ಹತ್ರ, ಕಿಮ್ಮತ್ತು ಸಾವಿರಾರು ರೂಪಾಯಿ. ಮೊದಲ ವರ್ಷದ ಹುಡುಗಿ ಅದನ್ನ ಪೂರ್ತಿ ಓದತೀನಿ ಅಂದ್ರ ಉಳಿದ ವಿಷಯ ಉಪವಾಸ. ಆರನೇದು ಗೋಲ್ಡ್‌ಬರ್ಗ್ ಅವರದ್ದು, ‘ನಗು ಬರೂವಷ್ಟು ಸರಳ’ ಅಂತನ ಹೆಸರಿನಾಗ ಬರದಾರ. ನೂರು ಹಾಳಿ ಸನೇಕ. ಒಂದು ಸಂಜಿ ಸಾಕು. ಪೂರ್ತಿ ನಕಾಶಿ ಒಮ್ಮೆ ಕಣ್ಣಿಗೆ ಬೀಳಲಿ ಅಂತ ಮೊದಲು ಅದನ್ನ ಓದಿ, ಪರೀಕ್ಷಾ ಹಿಂದಿನ ದಿನ ಮತ್ತೊಮ್ಮೆ ಓದಿದ್ರ ಆತು.

ನಾವು ಮಾಡಿದ್ದು ಹಿಂಗ. ಸ್ನೆಲ್ ಹಳೇ ಆವೃತ್ತಿ ಸೆಕೆಂಡ್ ಹ್ಯಾಂಡ್ ತಗೊಂಡ್ವಿ, ಮೂರು ಮಂದಿ ಹೆಸರು ಹೊಡದು ಹಾಕಿದ್ದು, ಬಣ್ಣ ಮಾತ್ರ ಸ್ವಚ್ಛ. ಚೌರಾಸಿಯಾ ಬರೂದು ಕಲೀಲಿಕ್ಕೆ. ಬ್ಲೂಮೆನ್‌ಫೆಲ್ಡ್ ಲೈಬ್ರರ್ಯಾಗ, ವಾರಕ್ಕ ಎರಡು ಕಥಿ.

ಸ್ಕ್ಯಾನಿನ ಎಡ ಬಲದ ಮಾತು ಉಳೀತು. ಮಲಗಿದ ರೋಗಿಯನ್ನ ಕಾಲಿನ ಕಡೆಯಿಂದ ನೋಡಿದಂಗ ಆ ಚಿತ್ರ ಇಡತಾರ, ಅದಕ್ಕ ಅವರ ಎಡ ನಮ್ಮ ಬಲಕ್ಕ ಬರತದ. ಮೆದುಳಿನ ಬುಡದ ಸೀಳುಚಿತ್ರಗಳನ್ನ ಹಳೇ ರೂಢಿಯ ಪುಸ್ತಕದಾಗ ಬೆನ್ನಿನ ಕಡೆ ಮ್ಯಾಲೆ ಮಾಡಿ ಇಡತಾರ, ಸ್ಕ್ಯಾನಿನಾಗ ಹೊಟ್ಟಿ ಕಡೆ ಮ್ಯಾಲೆ. ಒಂದು ಅಂಗಾತ, ಒಂದು ಬೋರಲ. ಹುಡುಗ್ಯಾರು ಗಾಬರಿ ಬೀಳೂದು ಇಲ್ಲೆ. ಗಜ್ಜರಿ ಹೆಚ್ಚಿದ್ರ ಎಲ್ಲಾ ಬಿಲ್ಲಿ ಒಂದ ನಮೂನಿ, ಮೆದುಳಿನ ಬುಡ ಹಂಗಲ್ಲ, ಒಂದೊಂದು ಮಟ್ಟಕ್ಕ ಒಂದೊಂದು ರೂಪ. ಅದಕ್ಕ ಸೀಳುಚಿತ್ರದ ಮಗ್ಗಲಿಗೆ "ಇಲ್ಲಿ ಕೊಯ್ದೀವಿ" ಅಂತ ಸಣ್ಣ ಪೂರ್ತಿ ಚಿತ್ರ ಇರಬೇಕು, ಯಾವ ಕಡೆ ಮ್ಯಾಲೆ ಅಂತ ಬರದಿರಬೇಕು. ಇದನ್ನ ಅಂಗಡ್ಯಾಗ ನಿಂತ ನೋಡಬಹುದು.

ಹೆಸರು ನೆನಪಿಡೂದಕ್ಕ ನಾವು ಅರ್ಥ ಹುಡುಕಿ ಇಟಗೊಂಡ್ವಿ. ಲ್ಯಾಟಿನ್ನು, ಗ್ರೀಕು ಕೇಳಲಿಕ್ಕೆ ಮಂತ್ರದಂಗ, ಒಳಗ ಅಗದಿ ಮನೀ ಮಾತು. ಪಾನ್ಸ್ ಅಂದ್ರ ಸೇತುವೆ. ಅಮಿಗ್ಡಲಾ ಬದಾಮಿ. ಹಿಪೊಕ್ಯಾಂಪಸ್ ಕಡಲಕುದರಿ. ಸೆರೆಬೆಲ್ಲಮ್ ಸಣ್ಣ ಮೆದುಳು. ಬೆನ್ನುಹುರಿಯ ತುದಿಯೊಳಗ ಕುದರಿ ಬಾಲ. ಮೆದುಳಿಗೆ ಮೂರು ಹೊದಿಕಿ, ಮ್ಯಾಲಿಂದು ಡ್ಯೂರಾ ಮೇಟರ್, ಅಂದ್ರ ಬಿರುಸು ತಾಯಿ. ಮೆದುಳಿಗೆ ಅಂಟಿಕೊಂಡದ್ದು ಪಿಯಾ ಮೇಟರ್, ಮೆತ್ತನ್ನ ತಾಯಿ. ನಡುವಿಂದು ಜೇಡರ ಬಲಿ. ಅರಬ್ಬೀ ವೈದ್ಯರು ಹೊದಿಕಿಗೆ ತಾಯಿ ಅಂತಿದ್ರಂತ, 12ನೇ ಶತಮಾನದಾಗ ಅದನ್ನ ಹಂಗ ಲ್ಯಾಟಿನ್ನಿಗೆ ತಂದ್ರು. ಇದನ್ನ ಹೇಳಿದಾಗ ಅತ್ತಿಯವರು ನನ್ನ ಕಡೆ ಬಟ್ಟು ಮಾಡಿ, "ಅದ... ಅದ..." ಅಂತ ನಕ್ರು. ನಾ ಯಾವ ತಾಯಿ ಅಂತ ಅಂದ್ರೋ, ಬಿರುಸೋ ಮೆತ್ತನ್ನದೋ!

ಫಿಜಿಯೋಥೆರಪಿ ಸೇರಿದ ಹುಡುಗಿಗೆ ಸ್ನೆಲ್ ಒಂದ ಸಾಕು, ನಮ್ಮದು ಈಗ ಕಪಾಟಿನಾಗ ಸುಮ್ಮನ ಅದ, ಒಯ್ಯಲಿಕ್ಕೆ ಹೇಳ್ರಿ. ತಂಗಿ ಮಗಳು ಆ ವರ್ಷ ಅನಾಟಮಿ ಪಾಸಾಗಿ ಮುಂದ ಹೋದ್ಲು. ಸೀಟು ಸಿಕ್ಕ ಹುಡುಗ್ಯಾರಿಗೆ ಮತ್ತೊಂದು ಮಾತು. ಬೆಂಗಳೂರಿಗೆ ಹೋದಾಗ ನಿಮ್ಹಾನ್ಸಿನಾಗ ಮೆದುಳಿನ ಮ್ಯೂಸಿಯಂ ಅದ, ಖರೆ ಮೆದುಳು ಕೈಯಾಗ ಹಿಡದು ನೋಡಲಿಕ್ಕೆ ಕೊಡತಾರ. ಹೋಗೂ ಮುಂದ ಫೋನ್ ಮಾಡಿ ದಿನಾ, ವ್ಯಾಳ್ಯಾ ಕೇಳಿಕೋರಿ. ಮತ್ತ ಆ ಹಾಳಿ ಅಂಚಿನ ಪೆನ್ಸಿಲ್ ಬರಹ ಅಳಿಸಬ್ಯಾಡ್ರಿ ಅಂತ ಹುಡುಗಿಗೆ ತಾಕೀತು ಮಾಡ್ರಿ.